ಮನೆ ಗುಂಪಿಗೆ ಬಂದ ಭಕ್ತಿಯ ಪಟ್ಟಿ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ 38 ಜನ ಇದ್ದೇವೆ. ಅರ್ಧ ಜನ ಬೇಲೂರು ತಾಲ್ಲೂಕು ಅರೇಹಳ್ಳಿ ಕಡೆ ತೋಟದಲ್ಲಿದ್ದಾರೆ. ನಾನು ಹಾಸನದಲ್ಲಿದ್ದೇನೆ. ಕೆಲವರು ಬೆಂಗಳೂರು, ಅಣ್ಣನ ಮಗ ಟೆಕ್ಸಾಸ್. ರಾತ್ರಿ ಎಷ್ಟು ಸೆಂಟ್ ಮಳೆ ಬಂತು (ನೂರು ಸೆಂಟ್ ಅಂದರೆ ಒಂದು ಇಂಚು), ಮೆಣಸಿಗೆ ಏನು ರೇಟು, ಆನೆ ಯಾವ ತೋಟದಲ್ಲಿದೆ, ನಮ್ಮ ಮಾತೆಲ್ಲ ಇಷ್ಟೇ. ಕಳೆದ ಭಾನುವಾರ ಮಾತ್ರ ಬೇರೆಯೇ ಆಯಿತು. ಅಂದಿನ ಮಾತನ್ನು ಎಲ್ಲರನ್ನೂ ಕೇಳಿಕೊಂಡೇ ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಬೆಳಿಗ್ಗೆ ಭಾವ ಒಂದು ಫೋಟೋ ಕಳಿಸಿದರು. ಮುಂದಿನ ವಿಧಾನಸಭೆ ಚುನಾವಣೆಗೆ ಟಿಕೆಟ್ ಕೇಳುತ್ತಿರುವ ಮೂವರ ಪಟ್ಟಿ. ಒಬ್ಬೊಬ್ಬರ ಮುಂದೆ ಮನೆದೇವರು ಯಾವುದು, ವಾರಕ್ಕೆ ಎಷ್ಟು ಸಲ ದೇವಸ್ಥಾನ, ಹೆಂಡತಿ ಅಥವಾ ಗಂಡನ ಧರ್ಮ ಏನು, ಕೊನೆಗೆ ಹತ್ತಕ್ಕೆ ಎಷ್ಟು ಅಂಕ. ಮೂರನೆಯವರು ಒಬ್ಬ ವಕೀಲೆ. ಅವರ ಮುಂದೆ ಕೆಂಪು ಅಕ್ಷರದಲ್ಲಿ ‘ದೇವರನ್ನು ನಂಬುವುದಿಲ್ಲ, ಗಂಡ ಕ್ರೈಸ್ತ, ಅಂಕ 0’ ಎಂದಿತ್ತು. ಕೆಳಗೆ ‘ಧರ್ಮ ನೋಡಿ ಮತ ಹಾಕಿ’. ಯಾರು ಮಾಡಿದ್ದು ಎಂದು ಎಲ್ಲೂ ಇರಲಿಲ್ಲ.

ಭಾವ: ಎಲ್ಲರೂ ಒಮ್ಮೆ ಓದಿ. ಈಗಿನ ಕಾಲಕ್ಕೆ ಇಂಥದ್ದು ಬೇಕು. ದೇವರಿಗೆ ಹೆದರದವನು ಯಾರಿಗೂ ಹೆದರುವುದಿಲ್ಲ.

ತಮ್ಮ: ಸರಿಯಾಗಿದೆ ಭಾವ. ನಮ್ಮ ಮತ, ನಮ್ಮ ಇಷ್ಟ.

ಅತ್ತಿಗೆ: ಬೆಳಿಗ್ಗೆ ಬೆಳಿಗ್ಗೆ ರಾಜಕೀಯ ಬೇಡ ಅಲ್ವಾ. ನಿನ್ನೆ ಮಳೆ ಎಷ್ಟು ಬಂತು ಹೇಳಿ.

ನಾನು: ಅತ್ತಿಗೆ, ಒಂದು ಮಾತು ಹೇಳಿ ಸುಮ್ಮನಾಗುತ್ತೇನೆ. ಭಾವ, ನಾನು ದೇವರನ್ನು ನಂಬುವವಳು. ನಿಮಗೇ ಗೊತ್ತು. ಹಾಸನಾಂಬೆ ಬಾಗಿಲು ವರ್ಷಕ್ಕೆ ಒಮ್ಮೆ ತೆರೆಯುತ್ತದೆ, ನಾನು ಒಂದು ವರ್ಷವೂ ಸಾಲು ತಪ್ಪಿಸಿಲ್ಲ. ಅದಕ್ಕೇ ಈ ಪಟ್ಟಿ ನೋಡಿ ನನಗೆ ಸಂಕಟವಾಯಿತು. ಭಕ್ತಿಗೆ ಹತ್ತಕ್ಕೆ ಎಷ್ಟು ಎಂದು ಅಂಕ ಹಾಕುವವರು ಯಾರು? ಒಮ್ಮೆ ಅಂಕ ಶುರುವಾದರೆ ಎಲ್ಲರೂ ಅಂಕಕ್ಕಾಗಿಯೇ ದೇವಸ್ಥಾನಕ್ಕೆ ಹೋಗುತ್ತಾರೆ. ಮುಂದೆ ಕ್ಯಾಮೆರಾ, ಹಿಂದೆ ಹೂಮಾಲೆ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಕಣ್ಣೀರು ಹಾಕುವ ಮುದುಕಿಯ ಭಕ್ತಿಗೆ ಅಲ್ಲಿ ಏನು ಬೆಲೆ ಉಳಿಯುತ್ತದೆ?

ಭಾವ: ಮೇಷ್ಟ್ರಮ್ಮ, ನೀವು ಮಾತು ತಿರುಗಿಸುತ್ತಿದ್ದೀರಿ. ನಾಟಕ ಮಾಡುವವರು ಎಲ್ಲ ಕಡೆ ಇರುತ್ತಾರೆ. ನಿಜವಾದ ಭಕ್ತಿ ಇದ್ದವನು ಕದಿಯುವಾಗ ಕೈ ನಡುಗುತ್ತದೆ. ನಾನು ಹೇಳುವುದು ಅಷ್ಟೇ.

ನಾನು: ಆ ನಿಜವಾದ ಭಕ್ತಿಯನ್ನು ನೀವಾಗಲಿ ನಾನಾಗಲಿ ಹೇಗೆ ಗುರುತಿಸುವುದು ಭಾವ? ಅಮ್ಮನ ಚೀಟಿ ದುಡ್ಡು ನೆನಪಿದೆಯಾ? ನಡೆಸುತ್ತಿದ್ದವರು ಹಣೆ ತುಂಬ ವಿಭೂತಿ ಹಚ್ಚಿಕೊಂಡೇ ಬರುತ್ತಿದ್ದರು. ಪ್ರಸಾದ ಕೊಟ್ಟು ದುಡ್ಡು ತೆಗೆದುಕೊಂಡು ಹೋಗುತ್ತಿದ್ದರು. ಒಂದು ದಿನ ಮನೆಗೆ ಬೀಗ. ಅಮ್ಮ ನನ್ನ ಬಳೆಗೆ ಎಂದು ಕೂಡಿಟ್ಟ ಹಣ ಅದು. ಕೊನೆಯವರೆಗೂ ಅಮ್ಮ ಹೇಳುತ್ತಿದ್ದುದು ಒಂದೇ ಮಾತು: ‘ವಿಭೂತಿ ನೋಡಿ ಲೆಕ್ಕ ಕೇಳಲಿಲ್ಲ ಕಣೆ.’

ಇದಾದ ಮೇಲೆ ಸುಮಾರು ಹೊತ್ತು ಯಾರೂ ಬರೆಯಲಿಲ್ಲ. ಭಾವನ ಹಣವೂ ಅದೇ ಚೀಟಿಯಲ್ಲಿ ಹೋಗಿತ್ತು.

ಅಕ್ಕ: ಆ ವಿಷಯ ಈಗ ಯಾಕೆ ತೆಗೆದೆ.

ಭಾವ: ಇರಲಿ, ಹೇಳಲಿ. ಆದರೆ ಒಬ್ಬ ಕಳ್ಳನಿಂದ ಭಕ್ತಿಯೇ ಸುಳ್ಳಾಗುವುದಿಲ್ಲ. ನಮ್ಮೂರಿನ ಹಳೇ ಕಂಪೌಂಡರ್ ದಿನವೂ ಪೂಜೆ ಮಾಡದೆ ನೀರು ಮುಟ್ಟುತ್ತಿರಲಿಲ್ಲ. ಅರ್ಧ ರಾತ್ರಿ ಕರೆದರೂ ಬರುತ್ತಿದ್ದರು. ಯಾವ ಜಾತಿ ಎಂದು ಕೇಳಲಿಲ್ಲ, ಕಾಸು ಕೇಳಲಿಲ್ಲ. ಅವರನ್ನು ಹಾಗೆ ಮಾಡಿದ್ದು ದೇವರ ಮೇಲಿನ ನಂಬಿಕೆ.

ನಾನು: ಒಪ್ಪುತ್ತೇನೆ. ಅವರ ನೆನಪು ಬಂದರೆ ನನಗೂ ಕೈ ಮುಗಿಯಬೇಕು ಅನ್ನಿಸುತ್ತದೆ. ಆದರೆ ನೋಡಿ, ಅವರು ಒಳ್ಳೆಯವರು ಎಂದು ನಿಮಗೆ ಗೊತ್ತಾಗಿದ್ದು ಪೂಜೆಯಿಂದ ಅಲ್ಲ. ಅರ್ಧ ರಾತ್ರಿ ಬಂದದ್ದರಿಂದ. ಪೂಜೆ ಇಬ್ಬರೂ ಮಾಡುತ್ತಿದ್ದರು, ಚೀಟಿಯವರೂ ಕಂಪೌಂಡರೂ. ನಾವು ನೋಡಬಹುದಾದದ್ದು ಕೆಲಸ ಮಾತ್ರ.

ತಮ್ಮ: ಅಕ್ಕ, ಮತ ಹಾಕುವವನಿಗೆ ಏನನ್ನು ನೋಡಿ ಬೇಕಾದರೂ ಹಾಕುವ ಹಕ್ಕಿಲ್ವಾ? ಕೆಲವರು ಜಾತಿ ನೋಡುತ್ತಾರೆ, ಕೆಲವರು ಮುಖ ನೋಡುತ್ತಾರೆ.

ನಾನು: ಖಂಡಿತ ಇದೆ ಕಣೋ. ಮತಗಟ್ಟೆ ಅಧಿಕಾರಿಯಾಗಿ ಎಷ್ಟೋ ಚುನಾವಣೆ ಮಾಡಿದ್ದೇನೆ. ಆ ರಟ್ಟಿನ ಮರೆಯ ಹಿಂದೆ ನೀನೇ ರಾಜ. ಆದರೆ ಮತ ಕೇಳುವವರಿಗೆ ಕಟ್ಟು ಇದೆ. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಅಭ್ಯರ್ಥಿಯಾಗಲಿ, ಅವರ ಏಜೆಂಟಾಗಲಿ, ಅವರ ಒಪ್ಪಿಗೆ ಪಡೆದ ಬೇರೆಯವರಾಗಲಿ ಧರ್ಮದ ಹೆಸರಿನಲ್ಲಿ ಮತ ಕೇಳಿದರೆ ಅದು ಭ್ರಷ್ಟ ಆಚರಣೆ. ಇಂಥವರ ಧರ್ಮ ಬೇರೆ, ಅವರಿಗೆ ಮತ ಹಾಕಬೇಡಿ ಅನ್ನುವುದೂ ಅದರಲ್ಲೇ ಬರುತ್ತದೆ. ಗೆದ್ದ ಸೀಟೇ ರದ್ದಾಗಬಹುದು. 6 ವರ್ಷದವರೆಗೆ ನಿಲ್ಲದಂತೆಯೂ ಮಾಡಬಹುದು. ಕಾಯ್ದೆಯಲ್ಲಿ ಇರುವ ‘ಅವನ ಧರ್ಮ’ ಎಂದರೆ ಯಾರ ಧರ್ಮ ಎಂಬ ಪ್ರಶ್ನೆ ಬಹಳ ಕಾಲ ಇತ್ತು. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ ಮತದಾರನ ಧರ್ಮವೂ ಅದರಲ್ಲಿ ಸೇರುತ್ತದೆ ಎಂದಿತು. ಅದೂ 4–3ರಲ್ಲಿ. ಅಂದರೆ ದೊಡ್ಡ ದೊಡ್ಡವರಿಗೂ ಇದು ಸುಲಭದ ವಿಷಯವಲ್ಲ.

ತಮ್ಮ: ಭಾವ ಏನು ಅಭ್ಯರ್ಥಿ ಅಲ್ಲವಲ್ಲ.

ನಾನು: ಅಲ್ಲ. ಆದರೆ ಈ ಫೋಟೋ ಮಾಡಿದವರು ಯಾರು? ಹೆಸರಿಲ್ಲದ ಕಾಗದವನ್ನು ನಮ್ಮ ಭಾವನ ಹೆಸರಿನಲ್ಲಿ 38 ಜನರಿಗೆ ಮುಟ್ಟಿಸಿಕೊಂಡಿದ್ದಾರೆ. ಭಾವನ ಮಾತಿಗೆ ನಮ್ಮಲ್ಲಿ ತೂಕ ಇದೆ. ಅದು ನನ್ನ ಬೇಜಾರು.

ಚಿಕ್ಕಪ್ಪ: ನಾನೊಂದು ಹೇಳಲಾ. 1978ರಲ್ಲಿ ನಾನು ಚಿಕ್ಕಮಗಳೂರಿನಲ್ಲಿ ಓದುತ್ತಿದ್ದೆ. ಲೋಕಸಭೆ ಉಪಚುನಾವಣೆ. ಒಂದು ಕಡೆ ಇಂದಿರಾ ಗಾಂಧಿ, ಇನ್ನೊಂದು ಕಡೆ ವೀರೇಂದ್ರ ಪಾಟೀಲರು. ಪಾಟೀಲರ ಪರವಾಗಿ ಜಾರ್ಜ್ ಫರ್ನಾಂಡಿಸ್ ಬಂದಿದ್ದರು. ಊರಿಗೆ ಊರೇ ಹಬ್ಬದ ಹಾಗೆ. ಇಂದಿರಾ 70 ಸಾವಿರಕ್ಕೂ ಜಾಸ್ತಿ ಮತದಿಂದ ಗೆದ್ದರು. ನಾನು ಅವರಿಗೆ ವಿರೋಧವಾಗಿದ್ದವನು. ತುರ್ತುಪರಿಸ್ಥಿತಿಯ ಸಿಟ್ಟು ನನಗೆ ಇವತ್ತಿಗೂ ಇದೆ. ಆದರೆ ನಾವು ಜಗಳವಾಡಿದ್ದು ಅದರ ಬಗ್ಗೆ. ಅವರ ಗಂಡ ಪಾರ್ಸಿ ಎಂದು ನಮ್ಮ ಹಾಸ್ಟೆಲಿನಲ್ಲಿ ಒಬ್ಬರೂ ಎತ್ತಲಿಲ್ಲ. ಜಾರ್ಜ್ ಕ್ರೈಸ್ತರ ಮನೆಯವರು ಎಂದೂ ಯಾರೂ ಮಾತಾಡಲಿಲ್ಲ. ಅದರ ಹಿಂದಿನ ವರ್ಷ ಆ ಮಂಗಳೂರಿನ ಮನುಷ್ಯ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಲ್ಲಿ 3 ಲಕ್ಷಕ್ಕೂ ಹೆಚ್ಚು ಮತದ ಅಂತರದಲ್ಲಿ ಗೆದ್ದಿದ್ದರು.

ಭಾವ: ಆ ಕಾಲ ಬೇರೆ ಚಿಕ್ಕಪ್ಪ.

ಚಿಕ್ಕಪ್ಪ: ಕಾಲ ತಾನಾಗಿ ಬೇರೆಯಾಗಲಿಲ್ಲ ಕಣಪ್ಪ. ನಾವೇ ಮಾಡಿಕೊಂಡಿದ್ದು.

ಮಧ್ಯಾಹ್ನ ಊಟ ಆದ ಮೇಲೆ ತಮ್ಮ ಮತ್ತೆ ಶುರು ಮಾಡಿದ. ನಮ್ಮ ನಾಡು ಕಟ್ಟಿದ್ದೇ ಧರ್ಮದಿಂದ, ಬೇಲೂರು ಹಳೇಬೀಡು ನೋಡಿದರೆ ಗೊತ್ತಾಗುವುದಿಲ್ವಾ ಎಂದ. ಇದು ನನಗೆ ತುಂಬಾ ಹತ್ತಿರದ ವಿಷಯ. 26 ವರ್ಷ ಮಕ್ಕಳನ್ನು ಅಲ್ಲಿಗೆ ಪ್ರವಾಸಕ್ಕೆ ಕರೆದುಕೊಂಡು ಹೋದವಳು ನಾನು.

ನಾನು: ಸರಿ, ಬೇಲೂರನ್ನೇ ತೆಗೆದುಕೋ. ಚೆನ್ನಕೇಶವನ ಗುಡಿ ಕಟ್ಟಿಸಿದ ಹೊಯ್ಸಳ ರಾಜ ವಿಷ್ಣುವರ್ಧನ ವೈಷ್ಣವ. ರಾಣಿ ಶಾಂತಲೆ ಜೈನಳು. ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿ ಅವಳದೇ. ಶಾಂತಲೆಯ ತಾಯಿ ಜೈನಳು, ತಂದೆ ಶೈವ. ಇನ್ನು ದಂಡನಾಯಕ ಗಂಗರಾಜ? ಜೈನ. ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟವನು ಅವನು. ಗೊಮ್ಮಟನ ಸುತ್ತಾಲಯ ಕಟ್ಟಿಸಿದವನೂ ಅವನೇ. ರಾಜನ ದೇವರು ಬೇರೆ, ಸೇನಾಪತಿಯ ದೇವರು ಬೇರೆ. ಇವತ್ತಿನ ಪಟ್ಟಿ ಆಗ ಇದ್ದಿದ್ದರೆ ಗಂಗರಾಜನಿಗೂ ಸೊನ್ನೆ, ಶಾಂತಲೆಗೂ ಸೊನ್ನೆ.

ತಮ್ಮ: ಅದು ರಾಜರ ಕಾಲ. ಮತ ಎಲ್ಲಿತ್ತು? ಜಗಳವೂ ಇತ್ತು. ಶ್ರವಣಬೆಳಗೊಳದಲ್ಲೇ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಆಗಿಲ್ವಾ? ನೀನೇ ಹೇಳಿದ್ದು.

ನಾನು: ಆಗಿತ್ತು, ನಿನ್ನ ಮಾತು ನಿಜ. ಅದು ತೀರಿದ್ದು ಹೇಗೆ ಎಂಬುದೂ ಅಲ್ಲೇ ಕಲ್ಲಿನಲ್ಲಿದೆ. 1368ರ ಶಾಸನ. ವಿಜಯನಗರದ ರಾಜ ಬುಕ್ಕರಾಯ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಎಂದ. ಜೈನರಿಗೆ ಆಗುವ ಹಾನಿಯನ್ನು ತಮ್ಮದೇ ಹಾನಿ ಎಂದು ನೋಡಿಕೊಳ್ಳುವಂತೆ ವೈಷ್ಣವರಿಗೆ ಹೇಳಿದ. ಆಗ ಜೈನರು ಸ್ವಲ್ಪವೇ ಜನ. ಆಳುವವನಲ್ಲಿ ನಾನು ನೋಡುವುದು ಇದನ್ನು. ಅವನು ಯಾವ ಗುಡಿಗೆ ಹೋಗುತ್ತಾನೆ ಎಂಬುದಲ್ಲ. ಬೇರೆ ಗುಡಿಯವನು ದೂರು ತಂದಾಗ ಹೇಗೆ ಕೇಳುತ್ತಾನೆ ಎಂಬುದು.

ಆಗ ಟೆಕ್ಸಾಸಿನಿಂದ ಅಣ್ಣನ ಮಗ ಬಂದ. ಅಲ್ಲಿ ಬೆಳಗಾಗಿತ್ತು.

ಅಣ್ಣನ ಮಗ: ಅತ್ತೆ, ಎಲ್ಲ ಓದಿದೆ. ಇಲ್ಲೂ ಇದೇ ಕಥೆ. ಕೆನಡಿ ಚುನಾವಣೆಗೆ ನಿಂತಾಗ ಕ್ಯಾಥೊಲಿಕ್ ಅಧ್ಯಕ್ಷನಾದರೆ ಪೋಪ್ ಹೇಳಿದಂತೆ ಕೇಳುತ್ತಾನೆ ಎಂದು ಜನ ಹೆದರಿದ್ದರು. ಅವರು 1960ರ ಸೆಪ್ಟೆಂಬರ್ 12ರಂದು ನಮ್ಮ ಹೂಸ್ಟನ್ನಿಗೇ ಬಂದು ಪಾದ್ರಿಗಳ ಮುಂದೆ ನಿಂತು ಉತ್ತರ ಕೊಟ್ಟರು. ನಾನು ಕ್ಯಾಥೊಲಿಕ್ ಅಭ್ಯರ್ಥಿಯಲ್ಲ, ನನ್ನ ಪಕ್ಷದ ಅಭ್ಯರ್ಥಿ, ಕ್ಯಾಥೊಲಿಕ್ ಕೂಡ ಹೌದು ಅಷ್ಟೇ ಎಂದರು. ಅಮೆರಿಕದ ಸಂವಿಧಾನದಲ್ಲಿ ಅಧಿಕಾರಕ್ಕೆ ಧರ್ಮದ ಪರೀಕ್ಷೆ ಇಡುವಂತಿಲ್ಲ ಎಂದು ಮೊದಲಿಂದಲೂ ಇದೆ. ಆದರೂ ಟೆಕ್ಸಾಸ್ ರಾಜ್ಯದ ಸಂವಿಧಾನದಲ್ಲಿ ಪರಮಾತ್ಮ ಇದ್ದಾನೆಂದು ಒಪ್ಪಬೇಕು ಎಂಬ ಸಾಲು ಇವತ್ತಿಗೂ ಇದೆ. ಇಲ್ಲಿನ ಸುಪ್ರೀಂ ಕೋರ್ಟಿನ 1961ರ ತೀರ್ಪಿನ ಮೇಲೆ ಅಂಥ ಸಾಲುಗಳು ನಡೆಯುವುದಿಲ್ಲ. ಕಾಗದದ ಮೇಲೆ ಮಾತ್ರ ಉಳಿದಿವೆ.

ಅಣ್ಣನ ಮಗ: ಇನ್ನೊಂದು ಮಾತು. ಮಾವ, ಬೇಜಾರು ಮಾಡಿಕೊಳ್ಳಬೇಡಿ. ಆ ಪಟ್ಟಿಯಲ್ಲಿ ಹೆಂಡತಿಯ ಧರ್ಮ ಎಂಬ ಸಾಲಿದೆ. ನಾನು ನಿಂತರೆ ನನಗೂ ಸೊನ್ನೆ. ಅವಳು ಕನ್ನಡ ಓದಲು ಕಲಿಯುತ್ತಿದ್ದಾಳೆ. ಈ ಗುಂಪಿನಲ್ಲೇ ಇದ್ದಾಳೆ.

ನನಗೆ ಎದೆ ಧಸಕ್ ಎಂದಿತು. ಇಷ್ಟು ಹೊತ್ತು ಹೊಯ್ಸಳರು, ಕೋರ್ಟು ಎಂದು ಬರೆದ ನನಗೆ ಅವಳು ನೆನಪಾಗಿರಲಿಲ್ಲ. ಅವರ ಮದುವೆಗೆ ಮನೆಯಲ್ಲಿ ಎಲ್ಲರೂ ಹಿಂದೆ ಮುಂದೆ ನೋಡುತ್ತಿದ್ದಾಗ ಮುಂದೆ ನಿಂತು ಧಾರೆ ಎರೆಸಿದವರು ಇದೇ ಭಾವ.

ಭಾವ ಅರ್ಧ ಗಂಟೆ ಬಿಟ್ಟು ಬರೆದರು.

ಭಾವ: ಆ ಸಾಲು ನಾನು ಸರಿಯಾಗಿ ಓದಿರಲಿಲ್ಲ ಮಗ. ತಪ್ಪಾಯಿತು. ಅವಳಿಗೂ ಹೇಳು. ಉಳಿದದ್ದಕ್ಕೆ ನನ್ನ ಮಾತು ಹಾಗೇ ಇದೆ. ದೇವರೇ ಇಲ್ಲ ಅನ್ನುವವರಿಗೆ ಮತ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾಳೆ ಊರಿನ ಜಾತ್ರೆಗೆ, ದೇವಸ್ಥಾನದ ರಸ್ತೆಗೆ ಅಂಥವರು ಕೈ ಹಾಕುತ್ತಾರಾ?

ಅತ್ತಿಗೆ: ಇದು ಮಾತ್ರ ನನಗೂ ಇದೆ. ಜಾತ್ರೆ ನಿಂತರೆ ಊರು ನಿಂತ ಹಾಗೆ.

ನಾನು: ಭಾವ, ಅತ್ತಿಗೆ, ಇದನ್ನು ಕೇಳಿ, ಖಂಡಿತ ಕೇಳಿ. ಜಾತ್ರೆಗೆ ನೀರು, ರಸ್ತೆ, ದೀಪ ಮಾಡಿಸುತ್ತೀರಾ ಎಂದು ಆ ವಕೀಲೆಯನ್ನು ನಿಲ್ಲಿಸಿ ಕೇಳಿ. ಉಳಿದ ಇಬ್ಬರನ್ನೂ ಕೇಳಿ. ಅದು ಕೆಲಸದ ಪ್ರಶ್ನೆ. ಅವರು ಒಪ್ಪಿದರೆ ಮುಂದಿನ ವರ್ಷ ಲೆಕ್ಕ ಕೇಳಬಹುದು. ‘ನಿಮಗೆ ದೇವರ ಮೇಲೆ ನಂಬಿಕೆ ಇದೆಯಾ’ ಎಂದು ಕೇಳಿ ‘ಇದೆ’ ಎಂಬ ಉತ್ತರ ತಂದರೆ ಅದಕ್ಕೆ ಯಾವ ಲೆಕ್ಕ ಕೇಳುತ್ತೀರಿ?

ನಾನು: ನಮ್ಮ ಸಂವಿಧಾನ ಬರೆದವರಲ್ಲಿ ಎಷ್ಟೋ ಜನ ದೊಡ್ಡ ಭಕ್ತರಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು 1949ರ ಅಕ್ಟೋಬರ್ 17ರಂದು ಪ್ರಸ್ತಾವನೆಯನ್ನು ದೇವರ ಹೆಸರಿನಿಂದ ಶುರು ಮಾಡೋಣ ಎಂದರು. ಮತಕ್ಕೆ ಹಾಕಿದರು. ಪರವಾಗಿ 41, ವಿರೋಧವಾಗಿ 68. ಆ 68 ಜನರೂ ನಾಸ್ತಿಕರಾಗಿದ್ದರಾ? ದೇವರ ವಿಷಯವನ್ನು ಒಬ್ಬರ ಮೇಲೆ ಒಬ್ಬರು ಹೇರಬಾರದು ಎಂಬ ಮಾತು ಅಲ್ಲಿ ಬಂತು. ಶಾಸಕರ ಪ್ರಮಾಣವಚನದಲ್ಲಿ ಎರಡು ದಾರಿ ಇಟ್ಟರು. ದೇವರ ಹೆಸರಿನಲ್ಲಿ ಹೇಳಬಹುದು, ದೇವರ ಹೆಸರಿಲ್ಲದೆ ಸತ್ಯನಿಷ್ಠೆಯಿಂದಲೂ ಹೇಳಬಹುದು.

ನಾನು: ನಾಮಪತ್ರದ ಜೊತೆ ಕೊಡುವ ಅಫಿಡವಿಟ್ ಇದೆಯಲ್ಲ, ಫಾರಂ 26, ಅದರಲ್ಲಿ ಕೇಸು ಎಷ್ಟು, ಆಸ್ತಿ ಎಷ್ಟು, ಸಾಲ ಎಷ್ಟು, ಏನು ಓದಿದ್ದಾರೆ ಎಲ್ಲ ಬರೆಯಬೇಕು. ಧರ್ಮಕ್ಕೆ ಅಲ್ಲಿ ಜಾಗವೇ ಇಲ್ಲ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು. ನಾಮಪತ್ರ ಹಾಕಿದ ದಿನ ಮೂವರದನ್ನೂ ತೆಗೆದು ನಾನೇ ಈ ಗುಂಪಿಗೆ ಹಾಕುತ್ತೇನೆ. ಹಿಂದಿನ ಸಲ ನಿಂತವರಿದ್ದರೆ ಆಗಿನದೂ ಹಾಕುತ್ತೇನೆ. ಐದು ವರ್ಷದಲ್ಲಿ ಆಸ್ತಿ ಎಷ್ಟು ಬೆಳೆಯಿತು ನೋಡೋಣ.

ತಮ್ಮ: ಇದಕ್ಕೆ ನಾನೂ ಸಿದ್ಧ. ಹಾಕಕ್ಕ.

ಚಿಕ್ಕಪ್ಪ: ಒಬ್ಬ ವಕೀಲೆ ಹುಡುಗಿ ಆನೆ ಹಾವಳಿ ಪರಿಹಾರದ ಕೇಸು ನಡೆಸುತ್ತಾಳೆ ಅಂತ ಕೇಳಿದ್ದೆ. ಅವಳೇನಾ ಇವಳು?

ನಾನು: ಅವರೇ ಚಿಕ್ಕಪ್ಪ.

ಭಾವ: ಗೊತ್ತಿದೆ. ಕೆಳಗಿನ ತೋಟದವರಿಗೆ ಪರಿಹಾರ ಕೊಡಿಸಿದ್ದೂ ಗೊತ್ತಿದೆ. ಯೋಚನೆ ಮಾಡುತ್ತೇನೆ. ಮಾಡುತ್ತೇನೆ ಎಂದಷ್ಟೇ ಹೇಳಿದ್ದು, ಹಾಕುತ್ತೇನೆ ಎಂದಲ್ಲ.

ನಾನು: ಅಷ್ಟು ಸಾಕು ಭಾವ.

ರಾತ್ರಿ 8.40ಕ್ಕೆ ಟೆಕ್ಸಾಸಿನ ಸೊಸೆಯಿಂದ ಮೊದಲ ಸಲ ಕನ್ನಡದಲ್ಲಿ ಒಂದು ಸಾಲು ಬಂತು. ಅಕ್ಷರ ಅಲ್ಲಲ್ಲಿ ತಪ್ಪಿತ್ತು. ‘ಮಾವ, ಪರವಾಗಿಲ್ಲ. ಮಳೆ ಎಷ್ಟು ಬಂತು?’

ಭಾವ: 85 ಸೆಂಟ್ ಮಗಳೇ.