ಲಿಪೋ ಬ್ಯಾಟರಿ ಸ್ವಲ್ಪ ಉಬ್ಬಿದೆ, ಮತ್ತೆ ಚಾರ್ಜ್ ಮಾಡಬಹುದಾ?

ಪ್ರಶ್ನೆ: ಸರ್, ನನ್ನ ಮಗ 1/10 ಅಳತೆಯ ಎಲೆಕ್ಟ್ರಿಕ್ ಆರ್‌ಸಿ (ರಿಮೋಟ್‌ನಲ್ಲಿ ಓಡಿಸುವ) ಬಗ್ಗಿ ಕಾರ್ ಇಟ್ಟುಕೊಂಡಿದ್ದಾನೆ, ಭಾನುವಾರ ಗೆಳೆಯರ ಜೊತೆ ರೇಸ್ ಮಾಡ್ತಾನೆ. ಬ್ಯಾಟರಿ 2ಎಸ್ ಲಿಪೋ (ಅಂದರೆ ಎರಡು ಸೆಲ್‌ನ ಲಿಥಿಯಂ ಪಾಲಿಮರ್), 5000 ಎಂಎಎಚ್, ಗಟ್ಟಿ ಪ್ಲಾಸ್ಟಿಕ್ ಕೇಸಿನದು. ಹೋದ ವಾರ ಕಾರಿನ ಸ್ವಿಚ್ ಆಫ್ ಮಾಡೋದು ಮರೆತು ಮಲಗಿಬಿಟ್ಟ. ಬೆಳಿಗ್ಗೆ ಚಾರ್ಜರ್‌ಗೆ ಹಾಕಿದರೆ ವೋಲ್ಟೇಜ್ ಕಡಿಮೆ ಅಂತ ಎರರ್. ಮೀಟರ್ ಇಟ್ಟು ನೋಡಿದರೆ ಒಟ್ಟು 4.6 ವೋಲ್ಟ್ ಇದೆ, ಕೇಸೂ ಸ್ವಲ್ಪ ಉಬ್ಬಿದ ಹಾಗಿದೆ. ಚಾರ್ಜರನ್ನು ನಿಕಲ್ ಬ್ಯಾಟರಿ ಮೋಡ್‌ಗೆ ಹಾಕಿ ಐದು ನಿಮಿಷ ಕೊಟ್ಟರೆ ಮತ್ತೆ ಎದ್ದು ಕೂರುತ್ತೆ ಅಂತ ಅವನ ಸ್ನೇಹಿತ ಹೇಳ್ತಿದ್ದಾನೆ. ಮಾಡಬಹುದಾ? ಹೊಸದು ಅಗ್ಗ ಅಲ್ಲ, ಅದಕ್ಕೇ ಕೇಳಿದೆ.

ಉತ್ತರ: ಬೇಡ ಸರ್, ಖಂಡಿತ ಬೇಡ. ಎರರ್ ಬಂದಿದೆ ಅಂದರೆ ಚಾರ್ಜರ್ ತನ್ನ ಕೆಲಸ ಸರಿಯಾಗಿ ಮಾಡಿದೆ. ಲಿಪೋ ಸೆಲ್ 3 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ನಿಮ್ಮದರಲ್ಲಿ ಸರಾಸರಿ 2.3 ಆಯಿತು, ಎರಡರಲ್ಲಿ ಒಂದು ಸೆಲ್ ಇನ್ನೂ ಕೆಳಗಿದ್ದರೂ ಇರಬಹುದು. ಇಷ್ಟು ಇಳಿದ ಸೆಲ್ ಒಳಗೆ ತಾಮ್ರದ ಹಾಳೆ ಕರಗೋಕೆ ಶುರುವಾಗಿರಬಹುದು. ಮತ್ತೆ ಚಾರ್ಜ್ ಕೊಟ್ಟಾಗ ಆ ತಾಮ್ರ ಬೇರೆ ಕಡೆ ಹೋಗಿ ಕೂತು ಒಳಗೊಳಗೇ ಶಾರ್ಟ್ ಆಗೋ ದಾರಿ ಮಾಡಿಕೊಡುತ್ತದೆ. ಇದು ಅವತ್ತೇ ಗೊತ್ತಾಗದೇ ಇರಬಹುದು. ಚಾರ್ಜ್ ತಗೊಂಡು ನಾಲ್ಕು ಸಲ ಚೆನ್ನಾಗಿ ಓಡಿ ಐದನೇ ಸಲ ಚಾರ್ಜ್‌ನಲ್ಲಿದ್ದಾಗ ಹೊತ್ತಿಕೊಂಡರೆ ಏನು ಮಾಡ್ತೀರಿ? ನಿಕಲ್ ಮೋಡ್‌ನಲ್ಲಂತೂ ಚಾರ್ಜರ್‌ಗೆ ಲಿಪೋ ಸೆಲ್‌ನ 4.2 ವೋಲ್ಟ್ ಮಿತಿ ಗೊತ್ತೇ ಇರುವುದಿಲ್ಲ, ಐದು ನಿಮಿಷಕ್ಕೆ ತೆಗೆಯೋದು ಮರೆತರೆ ಸುಮ್ನೆ ತುಂಬುತ್ತಲೇ ಹೋಗುತ್ತದೆ.

ಉಬ್ಬಿದ್ದು ನಿಜವೋ ಅನುಮಾನವೋ ಅಂತ ನೋಡೋಕೆ ಬ್ಯಾಟರಿಯನ್ನು ಅಂಗಾತ ಗ್ರಾನೈಟ್ ಕಟ್ಟೆ ಮೇಲಿಟ್ಟು ಒಂದು ಮೂಲೆಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ. ಕಟಕಟ ಅಂತ ಅಲ್ಲಾಡಿದರೆ ಅಥವಾ ಕೇಸಿನ ಜೋಡಣೆ ಗೆರೆ ಕೂದಲೆಳೆಯಷ್ಟು ಬಿಟ್ಟುಕೊಂಡಿದ್ದರೆ ಒಳಗೆ ಗ್ಯಾಸ್ ಆಗಿದೆ ಅಂತಲೇ ಲೆಕ್ಕ. ಸೂಜಿ ಚುಚ್ಚಿ ಗ್ಯಾಸ್ ಬಿಡಿಸಲು ಮಾತ್ರ ಯಾರೂ ಹೋಗಬೇಡಿ.

ಇದೇ ಪ್ರಶ್ನೆಗಾರರು: ಇಎಸ್‌ಸಿಯಲ್ಲಿ (ಮೋಟರ್ ವೇಗ ನಿಯಂತ್ರಿಸೋ ಸರ್ಕ್ಯೂಟ್) ವೋಲ್ಟೇಜ್ ಇಳಿದರೆ ನಿಲ್ಲಿಸೋ ಲಿಪೋ ಕಟ್‌ಆಫ್ ಆನ್ ಇತ್ತಲ್ಲ ಸರ್, ಮತ್ತೆ ಹೇಗೆ ಇಷ್ಟು ಇಳಿಯಿತು? ಈಗ ಇದನ್ನು ಎಲ್ಲಿ ಎಸೆಯೋದು?

ಉತ್ತರ: ಕಟ್‌ಆಫ್ ನಿಲ್ಲಿಸೋದು ಮೋಟರನ್ನು ಮಾತ್ರ. ಸ್ವಿಚ್ ಆನ್ ಇರುವವರೆಗೆ ಸಿಗ್ನಲ್ ಹಿಡಿಯುವ ರಿಸೀವರ್, ಸ್ಟೀರಿಂಗ್ ತಿರುಗಿಸುವ ಸರ್ವೋ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ, ರಾತ್ರಿಯಿಡೀ ಬಿಟ್ಟರೆ ಪೂರ್ತಿ ಹಿಂಡಿಬಿಡುತ್ತವೆ. ಓಡಿಸಿದ ಮೇಲೆ ಸ್ವಿಚ್ ಆಫ್ ಮಾಡಿದರೆ ಸಾಲದು, ಬ್ಯಾಟರಿ ಪ್ಲಗ್ಗನ್ನೇ ಕಿತ್ತಿಡೋದು ಅಭ್ಯಾಸ ಆಗಬೇಕು. ಹುಡುಗನ ಮೇಲೆ ಸಿಟ್ಟು ಮಾಡಬೇಡಿ, ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ.

ಎಸೆಯುವ ಮೊದಲು ಮನೆ ಹೊರಗೆ ಸಿಮೆಂಟ್ ನೆಲದ ಮೇಲೆ 12 ವೋಲ್ಟ್‌ನ ಗಾಡಿ ಬಲ್ಬ್ ಒಂದನ್ನು ಕಟ್ಟಿ ಪೂರ್ತಿ ಸೊನ್ನೆಗೆ ಇಳಿಸಿ. ವೈರ್ ಕತ್ತರಿಸೋದಿದ್ದರೆ ಒಂದೊಂದೇ ಕತ್ತರಿಸಿ, ಒಂದಕ್ಕೆ ಟೇಪ್ ಸುತ್ತಿದ ಮೇಲೆ ಇನ್ನೊಂದು. ಆಮೇಲೆ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ, ಮನೆ ಕಸದ ಜೊತೆ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮವೂ ಬೇರೆ ಇಡಿ ಅಂತಲೇ ಹೇಳುತ್ತದೆ. ಕಸದ ಲಾರಿಯಲ್ಲಿ ಅದು ಜಜ್ಜಿ ಹೊತ್ತಿಕೊಂಡರೆ ಪಾಪ, ತೊಂದರೆ ಆಗೋದು ಪೌರಕಾರ್ಮಿಕರಿಗೆ.

ಇನ್ನೊಬ್ಬರ ಪ್ರಶ್ನೆ: ನಮ್ಮ ಮನೆಯಲ್ಲಿ ರಾತ್ರಿ ಚಾರ್ಜ್‌ಗೆ ಹಾಕಿ ಮಲಗುತ್ತೇವೆ ಸರ್, ಬೆಂಕಿ ತಡೆಯೋಕೆ ಅಂತ ಮಾರುವ ಲಿಪೋ ಚೀಲದ ಒಳಗೇ ಇಟ್ಟಿರುತ್ತೇವೆ. ಪರವಾಗಿಲ್ಲ ಅಲ್ವಾ? ಬ್ಯಾಲೆನ್ಸ್ ವೈರ್ ಹಾಕಲೇಬೇಕಾ? ಚಾರ್ಜರ್ 10 ಆಂಪ್‌ವರೆಗೂ ಕೊಡುತ್ತದೆ.

ಉತ್ತರ: ಪರವಾಗಿಲ್ಲ ಅನ್ನೋಕೆ ಆಗಲ್ಲ ಮೇಡಂ. ಚೀಲ ಬೆಂಕಿ ಹರಡೋದನ್ನು ತಡ ಮಾಡುತ್ತದೆ ಅಷ್ಟೇ, ಹೊಗೆಯನ್ನು ತಡೆಯಲ್ಲ. ಆ ಹೊಗೆ ತುಂಬಾ ವಿಷ, ಮಲಗಿದ್ದವರಿಗೆ ಏಳೋಕೂ ಸಮಯ ಸಿಗದೇ ಹೋಗಬಹುದು. ಎಚ್ಚರ ಇದ್ದಾಗ, ಅದೇ ಕೋಣೆಯಲ್ಲಿ ಯಾರಾದರೂ ಇದ್ದಾಗ, ಟೈಲ್ಸ್ ನೆಲದ ಮೇಲೆ, ಪರದೆ ಸೋಫಾ ಯಾವುದೂ ಹತ್ತಿರ ಇಲ್ಲದ ಕಡೆ ಮಾತ್ರ ಚಾರ್ಜ್ ಮಾಡಿ. ಓಡಿಸಿ ತಂದ ತಕ್ಷಣ ಬಿಸಿ ಇರುವಾಗಲೇ ಹಾಕಬೇಡಿ.

ಬ್ಯಾಲೆನ್ಸ್ ವೈರ್, ಅಂದರೆ ಒಂದೊಂದು ಸೆಲ್ಲಿನ ವೋಲ್ಟೇಜನ್ನೂ ಬೇರೆ ಬೇರೆ ತೋರಿಸುವ ಸಣ್ಣ ವೈರ್, ಹಾಕಲೇಬೇಕು. ಅದಿಲ್ಲದಿದ್ದರೆ ಚಾರ್ಜರ್‌ಗೆ ಕಾಣೋದು ಒಟ್ಟು 8.4 ವೋಲ್ಟ್ ಮಾತ್ರ. ಒಂದು ಸೆಲ್ 4.1, ಇನ್ನೊಂದು 4.3 ಇದ್ದರೂ ಕೂಡಿದರೆ 8.4 ಆಗುತ್ತದಲ್ಲ! ಚಾರ್ಜರ್ ಸ್ಕ್ರೀನ್ ಮೇಲೆ ಎಲ್ಲ ಸರಿ ಕಾಣುತ್ತಿರುತ್ತದೆ, ಒಳಗೆ ಒಂದು ಸೆಲ್ ಮಿತಿ ಮೀರಿ ತುಂಬಿರುತ್ತದೆ. ಇನ್ನು ಆಂಪ್ ಲೆಕ್ಕ: 5000 ಎಂಎಎಚ್‌ಗೆ 5 ಆಂಪ್ ಇಡಿ, ಅದೇ 1ಸಿ, ಅಂದರೆ ಬ್ಯಾಟರಿ ಸಾಮರ್ಥ್ಯದ ಒಂದು ಪಟ್ಟು. ಲೇಬಲ್ ಮೇಲೆ ದೊಡ್ಡದಾಗಿ 50ಸಿ ಅಂತ ಇರೋದು ಬ್ಯಾಟರಿ ಎಷ್ಟು ಕೊಡಬಲ್ಲದು ಅನ್ನೋದಕ್ಕೆ, ಚಾರ್ಜ್‌ಗೂ ಅದಕ್ಕೂ ಸಂಬಂಧ ಇಲ್ಲ.

ಅಕಸ್ಮಾತ್ ಹೊಗೆ ಬಂದರೆ ಮೊದಲು ಮಕ್ಕಳನ್ನು ಹೊರಗೆ ಕಳಿಸಿ. ಕೈಗೆ ಸಿಗುವ ಹಾಗಿದ್ದರೆ ಗೋಡೆಯ ಸ್ವಿಚ್ ಆಫ್ ಮಾಡಿ. ಕರೆಂಟ್ ಹೋದ ಮೇಲೆ ದೂರದಿಂದ ಜಾಸ್ತಿ ನೀರು ಸುರಿಯಬಹುದು. ಲಿಪೋಗೆ ನೀರು ಹಾಕಲೇಬಾರದು ಅನ್ನೋದು ತಪ್ಪು ತಿಳಿವಳಿಕೆ, ಪಕ್ಕದ ಸೆಲ್ ತಣ್ಣಗಾಗೋದೇ ಮುಖ್ಯ. ಹೊಗೆ ಜಾಸ್ತಿ ಇದ್ದರೆ ಏನನ್ನೂ ಉಳಿಸೋಕೆ ಹೋಗದೆ ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ಮತ್ತೊಬ್ಬರು: ನಾನು ನಿಕಲ್ ಪ್ಯಾಕ್ ಕಾಲದಿಂದ ಆಡುತ್ತಿರುವವನು. ಆಗ ರೇಸ್ ಮುಗಿದ ಮೇಲೆ ಪೂರ್ತಿ ಖಾಲಿ ಮಾಡಿ ಎತ್ತಿಡುತ್ತಿದ್ದೆವು. ಲಿಪೋ ಹೇಗಿಡಬೇಕು? ಈಗ ಇರೋದು ದುಬೈನಲ್ಲಿ, ರಜೆಗೆ ಊರಿಗೆ ಬರುವಾಗ ವಿಮಾನದಲ್ಲಿ ತರಬಹುದಾ?

ಉತ್ತರ: ಅಣ್ಣಾ, ಆ ಅಭ್ಯಾಸ ಇಲ್ಲಿ ಪೂರ್ತಿ ಬಿಡಬೇಕು. ಖಾಲಿ ಇಟ್ಟರೂ ಹಾಳು, ತುಂಬಿ ಇಟ್ಟರೂ ಬೇಗ ಹಾಳು. ಎರಡು ಮೂರು ದಿನ ಓಡಿಸಲ್ಲ ಅಂದರೆ ಚಾರ್ಜರ್‌ನ ಸ್ಟೋರೇಜ್ ಮೋಡ್‌ಗೆ ಹಾಕಿ ಸೆಲ್‌ಗೆ 3.8 ವೋಲ್ಟ್ ಆಸುಪಾಸಿಗೆ ತನ್ನಿ. ಅಲ್ಲಿನ ಬೇಸಿಗೆಯಲ್ಲಿ ಕಾರ್ ಡಿಕ್ಕಿಯಲ್ಲಂತೂ ಬಿಡಲೇಬೇಡಿ.

ವಿಮಾನದಲ್ಲಿ ತರಬಹುದು, ಆದರೆ ಕೈಚೀಲದಲ್ಲಿ ಮಾತ್ರ, ಚೆಕ್-ಇನ್ ಬ್ಯಾಗ್‌ನಲ್ಲಿ ಬಿಡಿ ಬ್ಯಾಟರಿ ಹಾಕುವಂತಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್. ನಿಮ್ಮದು 2ಎಸ್ 5000 ಆದರೆ ಲೇಬಲ್‌ನ 7.4 ವೋಲ್ಟ್ ಗುಣಿಸು 5 ಆಂಪ್-ಅವರ್, ಅಂದರೆ 37 ವ್ಯಾಟ್-ಅವರ್ ಅಷ್ಟೇ. ಎಷ್ಟು ಪ್ಯಾಕ್ ಬಿಡುತ್ತಾರೆ ಅಂತ ನಿಮ್ಮ ಏರ್‌ಲೈನ್‌ನವರನ್ನು ಮೊದಲೇ ಕೇಳಿಕೊಳ್ಳಿ. ಕನೆಕ್ಟರ್‌ಗೆ ಟೇಪ್ ಹಾಕಿ, ಒಂದೊಂದು ಪ್ಯಾಕನ್ನೂ ಬೇರೆ ಬೇರೆ ಕವರಿನಲ್ಲಿಡಿ. ವ್ಯಾಟ್-ಅವರ್ ಬರೆದ ಲೇಬಲ್ ಕಿತ್ತುಹೋಗಿರುವ ಪ್ಯಾಕನ್ನು ತರೋಕೆ ಹೋಗಬೇಡಿ, ಸೆಕ್ಯೂರಿಟಿಯಲ್ಲಿ ತೆಗೆದಿಟ್ಟುಕೊಳ್ಳುವ ಸಾಧ್ಯತೆ ಜಾಸ್ತಿ.