ವೈ = 4 ರೇಖೆ ಎಕ್ಸ್ ಅಕ್ಷವನ್ನು ಎಲ್ಲಿ ಛೇದಿಸುತ್ತದೆ? ಗಣಿತ ಶಿಕ್ಷಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ವಿದ್ಯಾರ್ಥಿನಿಯ ತಾಯಿ): ನಮಸ್ಕಾರ ಸರ್. ಮಗಳು ಒಂಬತ್ತನೇ ತರಗತಿ. ವೈ = 4 ಮತ್ತು ಎಕ್ಸ್ = −3, ಈ ಎರಡು ರೇಖೆಗಳ ಇಂಟರ್‌ಸೆಪ್ಟ್, ಅಂದರೆ ರೇಖೆ ಅಕ್ಷವನ್ನು ಛೇದಿಸುವ ಜಾಗ, ಬರೆಯಲು ಕೊಟ್ಟಿದ್ದರು. ಮೊದಲನೆಯದರ ಎಕ್ಸ್ ಇಂಟರ್‌ಸೆಪ್ಟ್ 0 ಎಂದು ಬರೆದಿದ್ದಾಳೆ, ಅದಕ್ಕೆ ತಪ್ಪು ಹಾಕಿದ್ದಾರೆ. ‘ಸಮೀಕರಣದಲ್ಲಿ ಎಕ್ಸ್ ಇಲ್ಲ, ಇಲ್ಲ ಎಂದರೆ ಸೊನ್ನೆ ತಾನೆ’ ಎಂಬುದು ಅವಳ ವಾದ. ನನಗೂ ಅದು ಸರಿ ಎನಿಸುತ್ತಿದೆ.

ಉತ್ತರ: ನಮಸ್ಕಾರ ಮೇಡಂ. ಮಗು ಕಾರಣ ಕೊಟ್ಟು ಉತ್ತರ ಬರೆದಿದ್ದಾಳೆ. ಅದು ನನಗೆ ಬಹಳ ಸಂತೋಷದ ಸಂಗತಿ, ಏಕೆಂದರೆ ಎಡವಿದ್ದು ಎಲ್ಲಿ ಎಂದು ಬೆರಳಿಟ್ಟು ತೋರಿಸಬಹುದು. ಸಮೀಕರಣವನ್ನು ಬಿಡಿಸಿ ಬರೆಯಿರಿ: 0 × ಎಕ್ಸ್ + 1 × ವೈ = 4. ಸೊನ್ನೆಯಾಗಿರುವುದು ಎಕ್ಸ್‌ನ ಸಹಗುಣಕ, ಎಕ್ಸ್ ಅಲ್ಲ. ಎಕ್ಸ್‌ಗೆ ಯಾವ ಬೆಲೆ ಕೊಟ್ಟರೂ ಸೊನ್ನೆಯಿಂದ ಗುಣಿಸಿದಾಗ ಅದು ಅಳಿದುಹೋಗುತ್ತದೆ. ಹಾಗಾಗಿ (−5, 4), (0, 4), (2, 4), (100, 4) ಎಲ್ಲವೂ ಈ ರೇಖೆಯ ಮೇಲಿನ ಬಿಂದುಗಳೇ. ಸಮೀಕರಣದಲ್ಲಿ ಕಾಣದ ಅಕ್ಷರಕ್ಕೆ ಯಾವ ಕಟ್ಟುಪಾಡೂ ಇಲ್ಲ.

ಈಗ ಎಕ್ಸ್ ಅಕ್ಷಕ್ಕೆ ಬನ್ನಿ. ಅದರ ಮೇಲಿನ ಪ್ರತಿಯೊಂದು ಬಿಂದುವಿನಲ್ಲೂ ವೈ ಬೆಲೆ 0. ನಮ್ಮ ರೇಖೆ ಆ ಅಕ್ಷವನ್ನು ಎಲ್ಲಾದರೂ ಮುಟ್ಟಬೇಕಾದರೆ ಅಲ್ಲಿ ವೈ 0 ಆಗಬೇಕು, ಸಮೀಕರಣದ ಪ್ರಕಾರ 4 ಕೂಡ ಆಗಬೇಕು. 0 = 4 ಎಂಬುದು ಸುಳ್ಳು. ಆದ್ದರಿಂದ ಅಂಥ ಬಿಂದುವೇ ಇಲ್ಲ. ಉತ್ತರದ ಜಾಗದಲ್ಲಿ ‘ಎಕ್ಸ್ ಇಂಟರ್‌ಸೆಪ್ಟ್ ಇಲ್ಲ’ ಎಂದೇ ಬರೆಯಬೇಕು. 0 ಎಂದು ಬರೆದರೆ ರೇಖೆ ಮೂಲಬಿಂದುವಿನ ಮೂಲಕ ಹಾದುಹೋಗುತ್ತದೆ ಎಂದು ಹೇಳಿದಂತಾಗುತ್ತದೆ. ಗ್ರಾಫ್ ಹಾಳೆಯಲ್ಲಿ (0, 0) ಮೇಲೆ ಪೆನ್ಸಿಲ್ ಇಡಲು ಹೇಳಿ. ರೇಖೆ ಅಲ್ಲಿಂದ ನಾಲ್ಕು ಮನೆ ಮೇಲೆ ಇರುವುದು ಅವಳಿಗೇ ಕಾಣುತ್ತದೆ. ನಾಲ್ಕನೇ ಮಹಡಿಯ ಪಡಸಾಲೆಯಲ್ಲಿ ಎಷ್ಟು ದೂರ ನಡೆದರೂ ಕಾಲು ನೆಲಮಹಡಿಗೆ ತಾಗುವುದಿಲ್ಲವಲ್ಲ, ಹಾಗೆ.

ವೈ ಅಕ್ಷವನ್ನು ಅದು ಛೇದಿಸುವುದು (0, 4)ರಲ್ಲಿ. ಎಕ್ಸ್ = −3 ಇದಕ್ಕೆ ಅಡ್ಡ-ನೆಟ್ಟ ಬದಲಾದ ರೂಪ: ಎಕ್ಸ್ ಅಕ್ಷವನ್ನು (−3, 0)ರಲ್ಲಿ ಛೇದಿಸುತ್ತದೆ, ವೈ ಅಕ್ಷವನ್ನು ಮುಟ್ಟುವುದೇ ಇಲ್ಲ.

ಪ್ರಶ್ನೆ (ಮನೆಪಾಠ ಹೇಳುವವರು): ಸರ್, ನನ್ನ ಮಕ್ಕಳಲ್ಲಿ ಬೇರೆಯೇ ಗೊಂದಲ. ಎಕ್ಸ್ = 4 ಎಂದರೆ ಅಡ್ಡಗೆರೆ ಎಳೆಯುತ್ತಾರೆ. ಎಕ್ಸ್ ಅಕ್ಷ ಅಡ್ಡ ಇದೆ, ಅದಕ್ಕೆ ಇದೂ ಅಡ್ಡ ಎನ್ನುತ್ತಾರೆ.

ಉತ್ತರ: ಇದು ಪ್ರತಿ ತರಗತಿಯಲ್ಲೂ ಬರುತ್ತದೆ. ‘ಎಕ್ಸ್ ಎಂದರೆ ನೆಟ್ಟಗೆ, ವೈ ಎಂದರೆ ಅಡ್ಡ’ ಎಂದು ಬಾಯಿಪಾಠ ಮಾಡಿಸುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ, ಪರೀಕ್ಷೆಯ ಗಾಬರಿಯಲ್ಲಿ ಅದು ತಿರುಗುಮುರುಗಾಗುತ್ತದೆ. ರೇಖೆ ಎಳೆಯುವ ಮುನ್ನ ಮೂರು ಬಿಂದುಗಳನ್ನು ಗುರುತಿಸಲು ಹೇಳಿ. ಎಕ್ಸ್ 4 ಆಗಿಯೇ ಇರಲಿ, ವೈ ಇಷ್ಟಬಂದಂತೆ ಬದಲಾಗಲಿ: (4, −2), (4, 1), (4, 5). ಮೂರನ್ನೂ ಸೇರಿಸಿದರೆ ಗೆರೆ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಎಕ್ಸ್ ಅಕ್ಷದ ಸಮೀಕರಣವೇನು ಎಂದು ಕೇಳಿ. ಬಹಳ ಮಕ್ಕಳು ಎಕ್ಸ್ = 0 ಎನ್ನುತ್ತಾರೆ. (1, 0), (2, 0), (7, 0) ಬರೆಸಿ, ಯಾವ ಬೆಲೆ ಕದಲದೆ ನಿಂತಿದೆ ಎಂದು ಹುಡುಕಲು ಬಿಡಿ. ವೈ = 0 ಎಂದು ಅವರೇ ಕಂಡುಕೊಂಡ ಮೇಲೆ ಈ ಗೊಂದಲ ಮರಳಿ ಬರುವುದು ಕಡಿಮೆ.

ಪ್ರಶ್ನೆ (ಪ್ರಥಮ ಪಿಯುಸಿ ವಿದ್ಯಾರ್ಥಿ): ಸರ್, ನಮಗೆ ಎಕ್ಸ್/ಎ + ವೈ/ಬಿ = 1 ಎಂಬ ಇಂಟರ್‌ಸೆಪ್ಟ್ ರೂಪ ಇದೆ; ಎ ಎಂದರೆ ಎಕ್ಸ್ ಇಂಟರ್‌ಸೆಪ್ಟ್, ಬಿ ಎಂದರೆ ವೈ ಇಂಟರ್‌ಸೆಪ್ಟ್. ವೈ = 4 ರೇಖೆಯನ್ನು ಇದರಲ್ಲಿ ಬರೆಯುವಾಗ ಎ ಬೆಲೆ ಅನಂತ ಎಂದು ಹಾಕಬಹುದೇ?

ಉತ್ತರ: ಹಾಕಬೇಡ. ಎ ಮತ್ತು ಬಿ ಎರಡೂ ಸೊನ್ನೆಯಲ್ಲದ ಸಂಖ್ಯೆಗಳಾಗಿದ್ದರೆ ಮಾತ್ರ ಆ ರೂಪ ನಡೆಯುತ್ತದೆ. ಅನಂತ ಎಂಬುದು ಸಂಖ್ಯೆಯಲ್ಲ. ಅಡ್ಡರೇಖೆ, ಲಂಬರೇಖೆ, ಮೂಲಬಿಂದುವಿನ ಮೂಲಕ ಹಾಯುವ ರೇಖೆ, ಈ ಮೂರಕ್ಕೂ ಆ ರೂಪ ಒಗ್ಗುವುದಿಲ್ಲ.

ಆದರೂ ನಿನಗೆ ಹೊಳೆದದ್ದರಲ್ಲಿ ಹುರುಳಿದೆ. ಬಿ = 4 ಎಂದು ಇಟ್ಟುಕೊಂಡು ಎ ಬೆಲೆಯನ್ನು ಬೆಳೆಸುತ್ತಾ ಹೋಗು. ಎ = 100 ಆದಾಗ, ಎಕ್ಸ್ = 10ರಲ್ಲಿ ವೈ ಬೆಲೆ 3.6. ಎ = 1000 ಆದಾಗ ಅದೇ ಜಾಗದಲ್ಲಿ 3.96. ಎ = 10000 ಆದಾಗ 3.996. ರೇಖೆ ಮಲಗುತ್ತಾ ಮಲಗುತ್ತಾ ವೈ = 4ಕ್ಕೆ ಹತ್ತಿರವಾಗುತ್ತದೆ, ಛೇದಿಸುವ ಬಿಂದು ಬಲಕ್ಕೆ ದೂರ ದೂರ ಸರಿಯುತ್ತದೆ. ಪೂರ್ತಿ ಮಲಗಿದಾಗ ಆ ಬಿಂದು ಉಳಿಯುವುದಿಲ್ಲ. ಮುಂದೆ ಸೀಮೆ (ಲಿಮಿಟ್) ಎಂಬ ಅಧ್ಯಾಯದಲ್ಲಿ ಇದೇ ವಿಚಾರ ನಿನಗೆ ಮತ್ತೆ ಸಿಗುತ್ತದೆ.

ಪ್ರಶ್ನೆ (ಅಮೆರಿಕದಲ್ಲಿರುವ ಪೋಷಕರು): ಇಲ್ಲಿ ಮಗನ ಶಾಲೆಯಲ್ಲಿ ಇಂಟರ್‌ಸೆಪ್ಟನ್ನು (−3, 0) ಎಂದು ಬಿಂದುವಾಗಿಯೇ ಬರೆಸುತ್ತಾರೆ. ನಾವು ಊರಿನಲ್ಲಿ −3 ಎಂದಷ್ಟೇ ಬರೆಯುತ್ತಿದ್ದೆವು. ಯಾವುದು ಸರಿ?

ಉತ್ತರ: ಎರಡೂ ಸರಿ, ಅವನ ಶಾಲೆಯ ರೂಢಿಯಂತೆ ಬರೆಯಲಿ. ಒಂದು ಎಚ್ಚರಿಕೆ ಮಾತ್ರ: ಋಣ ಚಿಹ್ನೆಯನ್ನು ಬಿಡಬಾರದು. ಮೂಲಬಿಂದುವಿನಿಂದ ದೂರ 3, ಆದರೆ ಇಂಟರ್‌ಸೆಪ್ಟ್ −3.

ಪ್ರಶ್ನೆ (ಮೊದಲು ಕೇಳಿದ ತಾಯಿ): ಮಗಳು ಒಪ್ಪಿಕೊಂಡಳು ಸರ್. ಅಡ್ಡರೇಖೆಗೆ ಎಕ್ಸ್ ಇಂಟರ್‌ಸೆಪ್ಟ್ ಎಂದೂ ಇರುವುದಿಲ್ಲ ಎಂದು ನೋಟ್ಸಿನಲ್ಲಿ ಬರೆದುಕೊಳ್ಳಲೇ ಎಂದು ಕೇಳುತ್ತಿದ್ದಾಳೆ.

ಉತ್ತರ: ‘ಎಂದೂ’ ಎಂಬುದನ್ನು ತೆಗೆಯಲು ಹೇಳಿ ಮೇಡಂ. ವೈ = 0 ಕೂಡ ಅಡ್ಡರೇಖೆಯೇ, ಅದು ಎಕ್ಸ್ ಅಕ್ಷವೇ ಆಗಿದೆ. ಅಲ್ಲಿ 0 = 0 ಎಂಬುದು ಯಾವಾಗಲೂ ನಿಜವಾದ್ದರಿಂದ ರೇಖೆಯ ಪ್ರತಿ ಬಿಂದುವೂ ಅಕ್ಷದ ಮೇಲಿದೆ. ಎಕ್ಸ್ = 0ಕ್ಕೂ ವೈ ಅಕ್ಷಕ್ಕೂ ಇದೇ ಸಂಬಂಧ. ಇವೆರಡನ್ನು ಹೊರತುಪಡಿಸಿ ಉಳಿದ ಅಡ್ಡರೇಖೆ, ಲಂಬರೇಖೆಗಳಿಗೆಲ್ಲ ಒಂದೇ ಒಂದು ಇಂಟರ್‌ಸೆಪ್ಟ್ ಇರುತ್ತದೆ. ನಾಳೆ 2ವೈ + 7 = 0 ಕೊಟ್ಟು ನೋಡಿ. ಗ್ರಾಫ್ ಎಳೆಯುವ ಮುನ್ನವೇ (0, −7/2) ಎಂದು ಬರೆದು, ಎಕ್ಸ್ ಅಕ್ಷದ ಮುಂದೆ ‘ಇಲ್ಲ’ ಎಂದು ಹಾಕಿದರೆ ಅವಳಿಗೆ ವಿಷಯ ಮನದಟ್ಟಾಗಿದೆ.