ಜಪ್ತಿ, ವಶ, ಮುಟ್ಟುಗೋಲು: ಕಾಸರಗೋಡಿನಲ್ಲಿ ಯಾವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ಪೊಲೀಸರು ಮನೆ ಶೋಧಿಸಲು ಬಂದರೆ ಏನು ಕೇಳಬಹುದು, ಯಾವ ಕಾಗದ ಓದಿ ರುಜು ಹಾಕಬೇಕು ಎಂದು ತಿಳಿಸುವ ಸಣ್ಣ ಕರಪತ್ರವೊಂದನ್ನು ಕುಂಬಳೆ, ಬದಿಯಡ್ಕ ಕಡೆಯ ಕನ್ನಡಿಗರಿಗಾಗಿ ಬರೆಯುತ್ತಿದ್ದೇನೆ. ಕಾನೂನು ಅಷ್ಟೇನೂ ಕಾಡಲಿಲ್ಲ, ಕಾಡಿದ್ದು ‘ಜಪ್ತಿ’.

ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಈ ಪದ ಪೊಲೀಸರದ್ದು. ಗಾಂಜಾ ಜಪ್ತಿ, ಮರಳು ಲಾರಿ ಜಪ್ತಿ ಎಂದು ಮಂಗಳೂರಿನ ಪತ್ರಿಕೆಗಳು ಬರೆಯುತ್ತವೆ. ನಮ್ಮಲ್ಲಿ ಮಲಯಾಳದ ಬಳಕೆಯೇ ಕಿವಿಯಲ್ಲಿ ಕೂತಿದೆ. ಅಲ್ಲಿ ಜಪ್ತಿ ಎಂದರೆ ಸಾಲ ತೀರದೆ ಮನೆ, ಜಾಗಕ್ಕೆ ಬ್ಯಾಂಕಿನವರೋ ಕೋರ್ಟಿನ ಅಮೀನನೋ ಬರುವುದು. ‘ಮೊಬೈಲ್ ಜಪ್ತಿ ಮಾಡಿದರೆ ಪಟ್ಟಿ ಕೇಳಿ’ ಎಂಬ ನನ್ನ ವಾಕ್ಯ ಕೇಳಿದ ನೆರೆಮನೆಯ ಹಿರಿಯರು, “ಮೊಬೈಲಿಗೂ ಲೋನ್ ಉಂಟಾ?” ಎಂದರು.

ನಗುವ ಮಾತಾದರೂ ಗೊಂದಲ ಸಣ್ಣದಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (2024ರ ಜುಲೈ 1ರಿಂದ ಜಾರಿ) ಇಂಥ ಮೂರು ಕ್ರಮಗಳನ್ನು ಬೇರೆಬೇರೆಯಾಗಿಯೇ ಇಟ್ಟಿದೆ. ಕದ್ದ ಮಾಲೆಂದೋ ಅಪರಾಧಕ್ಕೆ ಸಂಬಂಧಪಟ್ಟದ್ದೆಂದೋ ಸಂಶಯ ಬಂದ ವಸ್ತುವನ್ನು ಪೊಲೀಸರು ತೆಗೆದುಕೊಳ್ಳುವುದು 106ನೇ ಕಲಮು. ಅದನ್ನು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ವಸ್ತು ಮಾಲೀಕನಿಗೆ ಮರಳಲೂಬಹುದು. ಅಪರಾಧದಿಂದ ಗಳಿಸಿದ ಆಸ್ತಿಯನ್ನು ಕೋರ್ಟಿನ ಆದೇಶದಿಂದ ಪರಭಾರೆಯಾಗದಂತೆ ಕಟ್ಟಿಹಾಕುವುದು 107. ಕೊನೆಗೆ ಆಸ್ತಿಯೇ ಸರಕಾರಕ್ಕೆ ಸೇರಿಹೋಗುವುದು ಮತ್ತೊಂದು ಹಂತ. ಈ ಕೊನೆಯದಕ್ಕೆ ‘ಮುಟ್ಟುಗೋಲು’ ಸರಿಯೆಂದು ನನ್ನ ಅನಿಸಿಕೆ, ಆದರೆ ಪತ್ರಿಕೆಗಳು ಅದನ್ನೂ ಮೂರಕ್ಕೂ ಬಳಸುತ್ತವೆ. (ಈ ಪದದಲ್ಲಿರುವುದು ಕೋಲೋ, ತುರುಗೋಳಿನಲ್ಲಿ (ದನ ಹಿಡಿದೊಯ್ಯುವುದು) ಇರುವ ‘ಕೋಳ್’ ಎಂಬ ಹಿಡಿತವೋ? ಹಳಗನ್ನಡ ಬಲ್ಲವರು ಹೇಳಿ.)

‘ವಶಪಡಿಸಿಕೊಳ್ಳು’ ಎಂದು ಬರೆದು ಮುಗಿಸಬಹುದಿತ್ತು. ಆದರೆ ‘ಗಾಂಜಾ ಸಹಿತ ಇಬ್ಬರು ವಶ’ ಎಂಬಂಥ ತಲೆಬರಹದಲ್ಲಿ ಮನುಷ್ಯರೂ ಮಾಲೂ ಒಂದೇ ವಶದಲ್ಲಿರುತ್ತಾರೆ. ಸಾಮಾನು ತೆಗೆದುಕೊಂಡರೋ ಆಳನ್ನೇ ಒಯ್ದರೋ ಎಂಬುದು ಮನೆಯವರಿಗೆ ಮೊದಲು ತಿಳಿಯಬೇಕಾದ ವಿಷಯ. ಇದಕ್ಕೆ ಕಾನೂನು ಅನುವಾದಗಳು ಬಳಸುವ ‘ಅಭಿಗ್ರಹಣ’ವನ್ನು ಕರಪತ್ರಕ್ಕೆ ಹಾಕುವ ಧೈರ್ಯ ನನಗಿಲ್ಲ.

‘ಪರಿಶೋಧನೆ’ಯದ್ದು ಇನ್ನೊಂದು ಕಥೆ. ಮಲಯಾಳದಲ್ಲಿ ಚೆಕ್ ಪೋಸ್ಟಿನಲ್ಲಿ ವಾಹನ ನೋಡುವುದೂ ಪರಿಶೋಧನೆ, ವೈದ್ಯರು ರೋಗಿಯನ್ನು ನೋಡುವುದೂ ಪರಿಶೋಧನೆ. ನಮ್ಮವರೂ ‘ಪೊಲೀಸ್ ಪರಿಶೋಧನೆ’ ಎನ್ನುತ್ತಾರೆ. ಮೈಸೂರಿನವರಿಗೆ ಅದು ಲೆಕ್ಕಪತ್ರ ನೋಡಿದಂತೆ ಕೇಳಿಸೀತು. ನಾನು ದಾರಿಯಲ್ಲಿ ನಡೆಯುವುದಕ್ಕೆ ‘ತಪಾಸಣೆ’, ಮನೆಯೊಳಗಿನದಕ್ಕೆ ‘ಶೋಧ’ ಇಟ್ಟುಕೊಂಡಿದ್ದೇನೆ.

‘ವಾರಂಟು’ ಹಾಗೇ ಇರಲಿ. ಆದರೆ “ಅವನ ಮೇಲೆ ವಾರಂಟು ಉಂಟು” ಎಂದಾಗ ಎಲ್ಲರೂ ತಿಳಿಯುವುದು ಬಂಧನದ ವಾರಂಟು, ಆದ್ದರಿಂದ ಮತ್ತೊಂದಕ್ಕೆ ಪ್ರತಿ ಸಲವೂ ‘ಶೋಧದ ವಾರಂಟು’ ಎಂದು ಪೂರ್ತಿ ಬರೆಯಬೇಕು. ವಾರಂಟಿಲ್ಲದ ಶೋಧ ಎಲ್ಲವೂ ಅಕ್ರಮ ಎಂಬ ನಂಬಿಕೆಯೂ ಊರಲ್ಲಿದೆ. ಹಾಗಲ್ಲ. ತಡವಾದರೆ ಸಾಕ್ಷ್ಯ ಸಿಗದು ಎಂದು ನಂಬಲು ಆಧಾರವಿದ್ದರೆ ತನಿಖಾಧಿಕಾರಿ ಕಾರಣವನ್ನು ಬರೆದಿಟ್ಟು 185ನೇ ಕಲಮಿನಡಿ ಶೋಧಿಸಬಹುದು. ಶೋಧವನ್ನು, ಪಟ್ಟಿ ಮಾಡಿ ರುಜು ಹಾಕಿಸುವುದನ್ನೂ ಸೇರಿಸಿ, ಮೊಬೈಲಿನಲ್ಲೋ ಬೇರೆ ಉಪಕರಣದಲ್ಲೋ ಚಿತ್ರೀಕರಿಸಬೇಕೆಂಬುದು 105ನೇ ಕಲಮು.

ಒಂದು ಪದ ಮಾತ್ರ ಗಡಿಯ ಎರಡೂ ಕಡೆ ಒಂದೇ: ಮಹಜರು, ಅಂದರೆ ಸ್ಥಳದಲ್ಲೇ ಸಾಕ್ಷಿಗಳ ಎದುರು ಬರೆಯುವ ದಾಖಲೆ. ‘ಹಾಜರಿ’ ಬಂದ ಅರಬ್ಬಿ ಧಾತುವಿನಿಂದಲೇ ಇದೂ ಬಂದದ್ದು. ಸಾಕ್ಷಿಗಳು ಹಾಜರಿರಬೇಕೆಂಬುದು ಪದದ ಹೊಟ್ಟೆಯಲ್ಲೇ ಇದೆ. ಮನೆ ಶೋಧಕ್ಕೆ ಆ ಪ್ರದೇಶದ ಇಬ್ಬರಾದರೂ ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು ಕರೆಯಬೇಕು, ಮನೆಯವರಿಗೆ ಪಟ್ಟಿಯ ಪ್ರತಿ ಕೊಡಬೇಕು ಎನ್ನುತ್ತದೆ 103ನೇ ಕಲಮು. ಆ ಇಬ್ಬರನ್ನು ಉತ್ತರ ಕರ್ನಾಟಕದಲ್ಲಿ ‘ಪಂಚರು’ ಎನ್ನುತ್ತಾರೆ. ಇಲ್ಲಿ ಬರೇ ‘ಸಾಕ್ಷಿ’ ಎಂದರೆ ಕೋರ್ಟಿಗೆ ಅಲೆಯಬೇಕಲ್ಲಾ ಎಂದು ಜನ ಹಿಂಜರಿಯುತ್ತಾರೆ. ಕೋರ್ಟು ವಿಶೇಷವಾಗಿ ಸಮನ್ಸು ಕಳಿಸದಿದ್ದರೆ ಅವರು ಹೋಗಬೇಕಾಗಿಲ್ಲ. ‘ಮಹಜರು ಸಾಕ್ಷಿ’ ಎಂದರೆ ಹೇಗೆ?

ಇನ್ನು ನನ್ನ ಮುಖ್ಯ ಪ್ರಶ್ನೆ. 106ನೇ ಕಲಮಿಗೆ ‘ಪೊಲೀಸರು ಹಿಡಿದಿಟ್ಟ ಸೊತ್ತು’ ಎಂದು ಬರೆಯಲೇ? ಅಡೂರು, ಮುಳ್ಳೇರಿಯ, ಪೈವಳಿಕೆ ಕಡೆಯ ಹಿರಿಯರು ಪೊಲೀಸರು ಸಾಮಾನು ಒಯ್ದದ್ದಕ್ಕೆ ಮನೆಮಾತಿನಲ್ಲಿ ಏನೆನ್ನುತ್ತಾರೆಂದು ಕೇಳಿ ತಿಳಿಸಿದರೆ ಉಪಕಾರ. ತುಳುವಿನ ಪದವಾದರೂ ಆದೀತು.